ಗಿರಿಜಾ ವೈನಿಯ ಗೇಣು

ವಾರ್ನಿಷ್ ವಾಸನೆ ಮೂಗಿಗೆ ಬಡಿದಾಗಲೇ ನಾನು ತಿರುಗಿ ಹೋಗಬೇಕಿತ್ತು. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಮೋಟಾರು ವೈಂಡಿಂಗ್ ಅಂಗಡಿ ಇದೆ ಎಂಬುದು ನನಗೆ ಗೊತ್ತಿತ್ತು, ಅದು ಯಾರ ತವರಿನ ಅಂಗಡಿ ಎಂಬುದೂ ಗೊತ್ತಿತ್ತು. ಆದರೆ ಮಾಸೂರಿನ ನಮ್ಮ ಮನೆಯಲ್ಲಿ ಸಸಿ ಬೆಳೆಸುವ ಲೈಟಿನ ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ತಕ್ಕಷ್ಟು ಇಳಿಸಿಕೊಡುವ ಡಬ್ಬಿ, ಸುಟ್ಟು ಎರಡು ದಿನವಾಗಿತ್ತು. ಮಳೆ ಬಿಡುವ ಲಕ್ಷಣವಿರಲಿಲ್ಲ. ಮೆಣಸಿನ ಸಸಿಗಳು ಬೆಳಕಿಲ್ಲದೆ ಕುತ್ತಿಗೆ ಚಾಚತೊಡಗಿದ್ದವು. ಹಿರೇಕೆರೂರಿನ ಎಲ್ಲ ಅಂಗಡಿ ಸುತ್ತಿದೆ. ಕೊನೆಯ ಅಂಗಡಿಯವನು, "ಹಾನಗಲ್ಲಿಗೆ ಹೋಗ್ರಿ ಅಕ್ಕಾರ, ಅಲ್ಲಿ ವೈಂಡಿಂಗ್ ಅಂಗಡ್ಯಾಗ ಒಬ್ಬಾಕಿ ಅದಾಳ, ಆಕಿ ಹಂತ್ಯಾಕ ಇಲ್ಲದ್ದು ಇಲ್ಲ" ಎಂದ. ಯಾರು ಆ ಒಬ್ಬಾಕಿ ಎಂದು ನಾನು ಕೇಳಲಿಲ್ಲ.

ಅವಳು ತಲೆ ತಗ್ಗಿಸಿ ಒಂದು ಪಂಪಿನ ಹೊಟ್ಟೆಯೊಳಗೆ ತಾಮ್ರದ ತಂತಿ ತುಂಬುತ್ತಿದ್ದಳು. ನೆರಳು ಬಿದ್ದದ್ದಕ್ಕೆ ತಲೆ ಎತ್ತಿದಳು. ಗುರುತು ಹತ್ತಿತು, ಅದು ಕಣ್ಣಲ್ಲಿ ಕಂಡಿತು. ಆದರೆ ಬಾಯಲ್ಲಿ ಬಂದದ್ದು ಬೇರೆ.

"ಬರ್ರಿ. ಏನ್ ಬೇಕಾಗಿತ್ರಿ?"

ಎಂಟು ವರ್ಷದ ಹಿಂದೆ ಇದೇ ಬಾಯಿ ನನಗೆ "ಅಕ್ಕಾ, ಈ ತುದಿ ನೀ ಹಿಡಕೋ, ಕೈ ನಡಗಸಬ್ಯಾಡ ಮತ್ತ" ಎನ್ನುತ್ತಿತ್ತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಮ್ಮ ಮನೆತನವೇ ಬಯ್ದು ಬಯ್ಸಿಕೊಂಡು ಬೆಳೆದದ್ದು. ಗಿರಾಕಿಗೆ ಕೊಡುವ ಮರ್ಯಾದೆ ಕೊಟ್ಟುಬಿಟ್ಟಳಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಆ ವರ್ಷ ನನಗೆ ಇಪ್ಪತ್ತೊಂಬತ್ತು. ಬಿಎಸ್ಸಿ ಮಾಡಿದ್ದೆ, ಸಸ್ಯಶಾಸ್ತ್ರದಲ್ಲಿ. ಬೇಸಿಗೆಯಲ್ಲಿ ಸವಣೂರಿನ ಕಡೆಯ ಒಂದು ಸಂಬಂಧ ಗೊತ್ತಾಗಿ, ಎಲೆಅಡಿಕೆಯ ಶಾಸ್ತ್ರ ಮುಗಿದು, ಆಮೇಲೆ ಮುರಿಯಿತು. "ಹುಡುಗಿ ಮಾತು ಬಾಳ" ಎಂದು ಹೇಳಿ ಕಳಿಸಿದರು. ಅದೇನೂ ಸುಳ್ಳಲ್ಲ. ಆದರೆ ಅವ್ವ ಆ ಮದುವೆಗೆಂದು ಕೊಂಡಿದ್ದ ಕಬ್ಬಿಣದ ಮಂಚ ಬಂದುಬಿಟ್ಟಿತ್ತು. ತಲೆಯ ಕಡೆ ಕೊಳವೆಗಳನ್ನು ಬಗ್ಗಿಸಿ ಎರಡು ನವಿಲು ಮಾಡಿದ್ದರು, ಹಸಿರು ಬಣ್ಣ ಹಚ್ಚಿದ್ದರು. ಅದನ್ನು ಬಿಚ್ಚಿ, ಪ್ಲಾಸ್ಟಿಕ್ ಸುತ್ತಿ, ಹಿಂದಿನ ಕೋಣೆಯ ಗೋಡೆಗೆ ಆನಿಸಿಟ್ಟಿದ್ದರು. ಆ ಕೋಣೆಗೆ ಹೋದಾಗಲೆಲ್ಲ ನಾನು ಇನ್ನೊಂದು ಕಡೆ ಮುಖ ಮಾಡುತ್ತಿದ್ದೆ.

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ ತೀರಿಕೊಂಡಿದ್ದ. ಅವ್ವ, ಟೆಂಪೋ ಓಡಿಸುವ ಅಣ್ಣ ಬಸವರಾಜ, ಅವನ ಹೆಂಡತಿ ಗಿರಿಜಾ ವೈನಿ, ನಾನು. ವೈನಿ ನನಗಿಂತ ನಾಲ್ಕು ವರ್ಷ ಸಣ್ಣವಳು. ಮನೆಗೆ ಬಂದು ಒಂದೂವರೆ ವರ್ಷವಾಗಿತ್ತು. ಓದಿದ್ದು ಪಿಯುಸಿ, ಅದರಲ್ಲೂ ಒಂದು ಸಲ ಫೇಲ್. ಆದರೆ ವೈಂಡಿಂಗ್ ಅಂಗಡಿಯಲ್ಲಿ ಆಡಿ ಬೆಳೆದವಳು. ಮಿಕ್ಸರ್ ಕೆಟ್ಟರೆ ಹೊಟ್ಟೆ ಬಗೆದು ಕೂರುತ್ತಿದ್ದಳು. ಅವಳ ಹಳೆಯ ಸೀರೆಗಳಿಂದ ವಾರ್ನಿಷ್ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಹಿತ್ತಲಲ್ಲಿ ಹಸಿರು ಬಲೆ ಕಟ್ಟಿ ನಾವು ಸಸಿ ಮಾಡುತ್ತಿದ್ದೆವು. ಹಿರೇಕೆರೂರಿನ ಕಡೆ ಮೆಣಸು, ಟೊಮ್ಯಾಟೊ, ಬದನೆಯ ಬೀಜ ಮಾಡುವ ರೈತರು ಬಹಳ. ಹೂವಿಗೆ ಹೂವು ಮುಟ್ಟಿಸಿ ಬೀಜ ಕಟ್ಟಿಸುವ ಕೆಲಸ ಅದು. ಕಂಪನಿಯವರು ಬೀಜವನ್ನು ಎಣಿಸಿ ಕೊಡುತ್ತಾರೆ, ರೈತರು ಅದನ್ನು ನಮ್ಮ ಕೈಗೆ ಕೊಡುತ್ತಾರೆ, ನಾವು ಟ್ರೇಯ ಕುಣಿಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಒಂದೊಂದಾಗಿ ಊರುತ್ತೇವೆ. ಒಂದು ಸಸಿ ಸತ್ತರೆ ಬದಲಿಗೆ ಕೊಡಲು ನಮ್ಮ ಹತ್ತಿರ ಬೀಜವಿರುವುದಿಲ್ಲ.

ಆ ವರ್ಷ ಪುನರ್ವಸು ಮಳೆ ಹಿಡಿದದ್ದು ಪುಷ್ಯ ಮುಗಿದರೂ ಬಿಡಲಿಲ್ಲ. ಮದಗದ ಕೆರೆ ತುಂಬಿ ಕೋಡಿ ಬಿತ್ತು. ಸೂರ್ಯ ಎನ್ನುವವನು ಇದ್ದಾನೋ ಸತ್ತಿದ್ದಾನೋ ಎಂದು ಅವ್ವ ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಕೇಳುತ್ತಿದ್ದಳು. ಸಸಿಗಳು ಬೆಳಕು ಹುಡುಕಿ ಎದ್ದವು, ದಾರದ ಹಾಗೆ ಸಣ್ಣಗೆ ಉದ್ದಕ್ಕೆ ಬೆಳೆದವು, ಆಮೇಲೆ ಒಂದರ ಮೇಲೊಂದು ಬಿದ್ದವು. ಒಯ್ಯಲು ಬಂದ ರೈತನೊಬ್ಬ ಟ್ರೇ ಎತ್ತಿ ನೋಡಿ, "ಏನವಾ ಇದು, ನಾ ಕೊಟ್ಟಿದ್ದು ಮೆಣಸಿನ ಬೀಜ, ನೀವು ಶಾವಿಗಿ ಹೊಸದೀರಲ್ಲ!" ಎಂದ. ಅವ್ವ ನಗಲಿಲ್ಲ.

"ಗಿಡಕ್ಕೆ ಬೇಕಾದದ್ದು ಬಿಸಿಲಲ್ಲ, ಬೆಳಕು. ಅದರಲ್ಲೂ ಕೆಂಪು ಮತ್ತು ನೀಲಿ" ಎಂದು ಅವತ್ತು ಊಟಕ್ಕೆ ಕೂತಾಗ ಹೇಳಿದವಳು ನಾನು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಯಾರೂ ಇದನ್ನು ನೆನೆಸಲಿಲ್ಲ. ಎಲೆಯ ಹಸಿರು ಯಾವ ಬಣ್ಣ ಹೀರುತ್ತದೆ, ಯಾವ ಬಣ್ಣ ಹಿಂದಕ್ಕೆ ಬಿಡುತ್ತದೆ ಎಂದೆಲ್ಲ ರೊಟ್ಟಿ ಮುರಿಯುತ್ತ ಪಾಠ ಮಾಡಿದೆ. ಅಣ್ಣ ಆಕಳಿಸಿದ. ಅವ್ವ ಪಲ್ಯ ಬಡಿಸಿದಳು. ವೈನಿ ಮಾತ್ರ ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

"ಕೆಂಪು, ನೀಲಿ, ಜೋಡಿ ಬಿಳಿ. ಎಲ್‌ಇಡಿ ಪಟ್ಟಿ ಸಿಗತಾವಲ್ಲ ಅಕ್ಕಾ, ಅಂಗಡಿ ಬೋರ್ಡಿಗೆ ಹಚ್ಚತಾರ. ಮೂರು ಅಂತಸ್ತಿಂದು ಒಂದು ಫ್ರೇಮ್ ಮಾಡಿದ್ರ ಆತು."

"ಫ್ರೇಮಿಗೆ ಕಬ್ಬಿಣ ಎಲ್ಲಿಂದ ತರ್ತಿ?" ಎಂದ ಅಣ್ಣ.

ವೈನಿ ಮೆಲ್ಲಗೆ, "ಹಿಂದಿನ ಕ್ವಾಣ್ಯಾಗ ಆ ಮಂಚ ಐತೆಲ್ಲ... ಸುಮ್ಮನ ತುಕ್ಕು ಹಿಡಿಯಾಕತ್ತೈತಿ" ಎಂದಳು.

ಅವ್ವ ನನ್ನ ಮುಖ ನೋಡಲಿಲ್ಲ. "ಹೌದಲ್ಲ! ಅದು ಯಾರಿಗ ಬೇಕಾಗೈತಿ ಈಗ. ತಗೋ" ಎಂದಳು.

ವೈನಿ ನನ್ನ ಕಡೆ ತಿರುಗಿದಳು. "ಅಕ್ಕಾ, ನೀ ಹೇಳು. ನಿಂದದು."

"ತಗೋ ವೈನಿ, ಅದನ್ನೇನ ತಲಿ ಮ್ಯಾಲ ಹೊತಗೊಂಡ ಹೋಗಲಿ?" ಎಂದು ನಾನು ನಕ್ಕೆ. ಚೆನ್ನಾಗಿಯೇ ನಕ್ಕೆ. ಒಳಗೆ ಹತ್ತಿದ ಕಿಚ್ಚಿಗೆ ನಾನು ಆಮೇಲೆ ನೀರು ಹಾಕಲಿಲ್ಲ, ಎಣ್ಣೆ ಹಾಕಿದೆ.

ಮಾರನೆಯ ದಿನ ಅಣ್ಣ ಮಂಚವನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ವೆಲ್ಡಿಂಗ್ ಅಂಗಡಿಯಲ್ಲಿ ಕೊಯ್ಸಿಕೊಂಡು ಬಂದ. ತಲೆಕಡೆಯದು ಒಂದು ಪಕ್ಕ, ಕಾಲ್ಕಡೆಯದು ಇನ್ನೊಂದು ಪಕ್ಕ, ನಡುವೆ ಅಡ್ಡಪಟ್ಟಿಗಳು. ನವಿಲುಗಳು ಮೇಲಿನ ಅಂತಸ್ತಿನಲ್ಲಿ ಹಾಗೇ ಉಳಿದವು, ಅವುಗಳ ಕೊಕ್ಕಿಗೆ ವೈನಿ ವೈರು ಸಿಕ್ಕಿಸಿದಳು.

ಮೊದಲ ಪ್ರಯತ್ನ ಕೆಟ್ಟಿತು. ಎಲ್‌ಇಡಿ ಪಟ್ಟಿಗಳನ್ನು ಪ್ಲೈವುಡ್ ಹಲಗೆಗೆ ಅಂಟಿಸಿದಳು. ಕಾವಿಗೆ, ಹಸಿ ಗಾಳಿಗೆ ಅವು ನಾಲ್ಕೇ ದಿನದಲ್ಲಿ ಕಳಚಿ ಸಸಿಗಳ ಮೇಲೆ ಜೋತುಬಿದ್ದವು. ನನಗೆ ಸಂತೋಷವಾಯಿತು. "ಹ್ಞಾಂ, ಎಂಜಿನಿಯರ್ ಬಾಯಾರ ಕೆಲಸ ಮುಗೀತಲ್ಲ?" ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಯಾವುದೋ ಮನೆಯ ಹಳೆಯ ಸರಿಯುವ ಕಿಟಕಿಯ ಅಲ್ಯುಮಿನಿಯಂ ಪಟ್ಟಿಗಳನ್ನು ಗುಜರಿಯಿಂದ ತರಿಸಿ, ಅವುಗಳ ಹೊಟ್ಟೆಯೊಳಗೆ ಎಲ್‌ಇಡಿ ಅಂಟಿಸಿದಳು. ಅಲ್ಯುಮಿನಿಯಂ ಕಾವನ್ನು ಎಳೆದುಕೊಂಡು ಗಾಳಿಗೆ ಬಿಡುತ್ತದೆ ಎಂದು ಅವಳ ಅಪ್ಪ ಹೇಳಿಕೊಟ್ಟಿದ್ದನಂತೆ. ಡ್ರೈವರ್ ಡಬ್ಬಿಗೆ ನೀರಿನ ಹನಿ ತಾಗಬಾರದೆಂದು ಅದನ್ನು ಫ್ರೇಮಿನಿಂದ ಬಿಡಿಸಿ ಎತ್ತರಕ್ಕೆ ಗೋಡೆಗೆ ಮೊಳೆ ಹೊಡೆದು ಕೂಡಿಸಿದಳು. ಲೈಟಿನ ಪಟ್ಟಿಗಳನ್ನು ಸರಪಳಿಯಲ್ಲಿ ತೂಗಿಬಿಟ್ಟಳು. ಸಸಿ ಬೆಳೆದಂತೆ ಒಂದೊಂದು ಕೊಂಡಿ ಮೇಲೆ ಏರಿಸಬೇಕು. ಕತ್ತಲಾದ ಮೇಲೆ ಆರಿಸಿಬಿಡುತ್ತಿದ್ದಳು. "ಗಿಡಕ್ಕೂ ನಿದ್ದಿ ಬೇಕಲ್ಲ ಅಕ್ಕಾ" ಎನ್ನುತ್ತಿದ್ದಳು. ಇದು ನನ್ನ ಪುಸ್ತಕದಲ್ಲೂ ಇತ್ತು, ಆದರೆ ಅವಳಿಗೆ ಪುಸ್ತಕ ಬೇಕಾಗಲಿಲ್ಲ.

ಬೆಳಕು ಎಷ್ಟು ಎತ್ತರದಲ್ಲಿರಬೇಕು ಎಂಬುದೇ ಕಠಿಣ. ಹತ್ತಿರವಾದರೆ ಎಲೆಯ ತುದಿ ಸುಡುತ್ತದೆ, ದೂರವಾದರೆ ಮತ್ತೆ ಶಾವಿಗೆ. ಹತ್ತು ಹನ್ನೆರಡು ದಿನ ಅವಳು ಒಂದೊಂದು ಟ್ರೇಗೆ ಒಂದೊಂದು ಎತ್ತರ ಇಟ್ಟು ನೋಡಿದಳು. ಕೊನೆಗೆ ಸಿಕ್ಕ ಲೆಕ್ಕ ಅವಳ ಒಂದು ಗೇಣು. ಎಲೆಯ ಮೇಲೆ ಹೆಬ್ಬೆರಳು ಊರಿ ಕಿರುಬೆರಳು ಚಾಚಿದರೆ ಲೈಟು ಮುಟ್ಟಬೇಕು, ಅಷ್ಟೇ. ನನ್ನ ಕೈ ದೊಡ್ಡದು, ನನ್ನ ಗೇಣಿಗೆ ಇಟ್ಟರೆ ಎರಡು ಬೆರಳು ಮೇಲೆ ಹೋಗುತ್ತಿತ್ತು. ಅದಕ್ಕೆ ಅವಳು ಬಿದಿರಿನ ಒಂದು ಕಡ್ಡಿಯನ್ನು ತನ್ನ ಗೇಣಿನಷ್ಟು ಕೊಯ್ದು, ತುದಿಗೆ ಕೆಂಪು ದಾರ ಕಟ್ಟಿ ನನಗೆ ಕೊಟ್ಟಳು. "ನಾ ಇಲ್ಲದಾಗ ಇದರಿಂದ ಅಳಿ ಅಕ್ಕಾ" ಎಂದಳು. ತವರಿಗೆ ಹೋದಾಗ ಎಂಬ ಅರ್ಥದಲ್ಲಿ ಹೇಳಿದ್ದು.

ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಹಿಂದಿನ ಕೋಣೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಸಸಿಗಳು ಗಿಡ್ಡಗೆ, ದಪ್ಪಗೆ, ಕಪ್ಪು ಹಸಿರಾಗಿ ನಿಂತವು. ಎಳೆದರೂ ಬೇರು ಬಿಡುತ್ತಿರಲಿಲ್ಲ. ಸುದ್ದಿ ಹಬ್ಬಿತು. ಶಾವಿಗೆ ಎಂದಿದ್ದ ಅದೇ ರೈತ ಮತ್ತೆ ಬಂದು, ಟೋಪಿ ತೆಗೆದು ಫ್ರೇಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಯಾರ ತಲಿರೀ ಇದು? ಓದಿದ ಮಗಳದೇನು?" ಎಂದು ಅವ್ವನನ್ನು ಕೇಳಿದ.

ನಾನು ಅಲ್ಲೇ ಟ್ರೇ ಹಿಡಿದು ನಿಂತಿದ್ದೆ. ಅವ್ವ ನಕ್ಕಳು. "ಮಗಳು ಓದ್ಯಾಳ. ಸೊಸಿ ಮಾಡ್ಯಾಳ."

ಸಸಿ ಒಯ್ಯಲು ಬಂದಿದ್ದವರೆಲ್ಲ ನಕ್ಕರು. ಮಾತು ಚೆನ್ನಾಗಿತ್ತು, ಪ್ರಾಸದಂತೆ ಕೂತಿತ್ತು. ಅವ್ವ ಅದನ್ನು ಆಮೇಲೆ ಬಂದವರಿಗೆಲ್ಲ ಹೇಳಿದಳು. ಸವಣೂರಿನ ಸಂತೆಯಲ್ಲಿ ಸಿಕ್ಕವರಿಗೂ ಹೇಳಿದಳಂತೆ. ನನ್ನ ಮದುವೆಯ ಮಂಚದ ಮೇಲೆ ಮೆಣಸಿನ ಸಸಿ ಮಲಗಿದ್ದವು, ಅದರ ಹೆಸರು ಇನ್ನೊಬ್ಬಳಿಗೆ ಹೋಗಿತ್ತು, ನಾನು ಟ್ರೇ ಹೊರುತ್ತಿದ್ದೆ. ಹೊಟ್ಟೆಕಿಚ್ಚು ಎಂದರೆ ಹೌದು, ಹೊಟ್ಟೆಕಿಚ್ಚೇ. ಚಂದದ ಹೆಸರು ಕೊಟ್ಟು ಅದನ್ನು ಮುಚ್ಚುವ ವಯಸ್ಸು ದಾಟಿದೆ ನನಗೆ.

ಗಣಪತಿ ಹಬ್ಬದ ಮಾರನೆಯ ದಿನ ಅವ್ವ ಹಿತ್ತಲ ಪಾವಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡಳು. ತೊಡೆಯ ತನಕ ಪ್ಲಾಸ್ಟರ್ ಹಾಕಿ ಪಡಸಾಲೆಯಲ್ಲಿ ಮಲಗಿಸಿದರು. ನವರಾತ್ರಿ ಬಂತು. ನಮ್ಮ ಮನೆಯಲ್ಲಿ ನವರಾತ್ರಿಗೆ ಘಟ್ಟ ಹಾಕುತ್ತೇವೆ. ದೇವರ ಕೋಣೆಯಲ್ಲಿ ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರವಿ, ನಡುವೆ ನೀರಿನ ಗಡಿಗೆ ಇಟ್ಟು, ಸುತ್ತ ಗೋಧಿ, ಜೋಳ, ಹೆಸರು ಹೀಗೆ ಐದು ಕಾಳು ಬಿತ್ತಬೇಕು. ಕೋಣೆಗೆ ಕಿಟಕಿಯಿಲ್ಲ. ಒಂದು ಎಣ್ಣೆಯ ದೀಪ ಒಂಬತ್ತು ದಿನ ಆರದಂತೆ ಉರಿಯುತ್ತದೆ. ಆ ಕತ್ತಲಲ್ಲಿ ಸಸಿ ಅರಿಶಿಣದಂತೆ ಹಳದಿಯಾಗಿ, ಗೇಣುದ್ದ ಎರಡು ಗೇಣುದ್ದ ಎದ್ದು ಬರುತ್ತದೆ. ದಸರೆಯ ದಿನ ಅದನ್ನು ಕಿತ್ತು ಹೆಂಗಸರು ಮುಡಿಗೆ, ಗಂಡಸರು ಟೋಪಿಗೆ ಸಿಕ್ಕಿಸಿಕೊಂಡು ಬನ್ನಿ ಕೊಡಲು ಹೋಗುತ್ತಾರೆ. ಸಸಿ ಎಷ್ಟು ಉದ್ದ, ಎಷ್ಟು ಹಳದಿ, ಮನೆಗೆ ಆ ವರ್ಷ ಅಷ್ಟು ಒಳ್ಳೆಯದು.

ಬಿತ್ತಿದವರೇ ನೀರು ಹಾಕಬೇಕು, ದಸರೆಯ ತನಕ ಬೇರೆಯವರು ಒಳಗೆ ಹೋಗಬಾರದು. ಬಿತ್ತುವುದು ಮನೆಯ ಸೊಸೆಯೇ ಆಗಬೇಕು. ಮಗಳು ಬಿತ್ತಿದರೆ ಬೆಳೆ ಬೇರೆ ಮನೆಗೆ ಹೋಗುತ್ತದಂತೆ. ಹೀಗಾಗಿ ಮೊದಲ ಸಲ ಆ ಕೆಲಸ ವೈನಿಯ ಪಾಲಿಗೆ ಬಂತು. ಅವಳ ತವರಿನಲ್ಲಿ ಘಟ್ಟದ ಪದ್ಧತಿಯಿಲ್ಲ. ಹಿಂದಿನ ವರ್ಷ ಅವಳು ನವರಾತ್ರಿಗೆ ತವರಿನಲ್ಲಿದ್ದಳು, ನೋಡಿರಲೂ ಇಲ್ಲ.

"ನೀಲಾನ್ನ ಕೇಳು, ಆಕಿಗೆ ಎಲ್ಲಾ ಗೊತ್ತೈತಿ" ಎಂದಳು ಅವ್ವ ಮಲಗಿದಲ್ಲಿಂದ. ನೀಲಾ ಎಂದರೆ ನಾನು.

ವೈನಿ ಬಂದು ಕೇಳಿದಳು. ಎಷ್ಟು ಮಣ್ಣು, ಎಷ್ಟು ನೀರು, ಯಾವ ಕಾಳು ಯಾವ ಕಡೆ. ಎಲ್ಲ ಸರಿಯಾಗಿ ಹೇಳಿದೆ. ಅವಳು ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಅಕ್ಕಾ, ಅಲ್ಲಿ ಕತ್ತಲ ಬಾಳ ಐತಿ. ಸಸಿ ಶಾವಿಗಿ ಆಗಿ ಬೀಳೂದಿಲ್ಲೇನು? ಒಂದು ಪಟ್ಟಿ ಉಳದೈತಿ, ಹಚ್ಚಲೇನು?"

ಇದನ್ನು ನಾನು ಮುಂಚೆ ಯೋಚಿಸಿಟ್ಟುಕೊಂಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅವಳು ತಾನಾಗಿ ಬಂದು ಕುತ್ತಿಗೆ ಕೊಟ್ಟಳು. "ಹಚ್ಚು ವೈನಿ, ದೇವಿಗೆ ಬೆಳಕು ಬ್ಯಾಡೇನು? ನಿನ್ನ ಕೈಲೆ ಬೆಳದಿದ್ದು ಅವ್ವ ನೋಡಿ ಹಿರಿಹಿರಿ ಹಿಗ್ಗಬೇಕು" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಒಂಬತ್ತು ಹಗಲು ಇದ್ದವು. ದಿನಾ ಬೆಳಿಗ್ಗೆ ಅವಳು ಮಡಿಯುಟ್ಟು, ತಂಬಿಗೆ ಹಿಡಿದು ಒಳಗೆ ಹೋಗುತ್ತಿದ್ದಳು. ಬಾಗಿಲ ಸಂದಿಯಿಂದ ಗುಲಾಬಿ ಬೆಳಕು ಒಂದು ಗೆರೆಯಷ್ಟು ಹೊರಗೆ ಬೀಳುತ್ತಿತ್ತು. ಅವ್ವ ಪಡಸಾಲೆಯಿಂದ ಅದನ್ನು ಕಂಡು, ಸೊಸೆ ದೇವರಿಗೆ ದೀಪದ ಸರ ಹಾಕಿದ್ದಾಳೆ ಎಂದುಕೊಂಡಳು. ನಾನು ಒಂಬತ್ತು ದಿನವೂ ಆ ಗೆರೆಯನ್ನು ದಾಟಿ ಅಡುಗೆಮನೆಗೆ ಹೋದೆ, ಬಂದೆ.

ದಸರೆಯ ದಿನ ಆಡೂರಿನಿಂದ ಸೋದರತ್ತೆ ಬಂದಳು, ಅಪ್ಪನ ತಂಗಿ. ಜೊತೆಗೆ ಮದುವೆಯ ವಯಸ್ಸಿಗೆ ಬಂದ ಅವಳ ಮಗಳು. ಓಣಿಯ ನಾಲ್ಕು ಹೆಂಗಸರೂ ಇದ್ದರು. ಅಣ್ಣ ಅವ್ವನನ್ನು ಕುರ್ಚಿ ಸಮೇತ ಎತ್ತಿ ದೇವರ ಕೋಣೆಯ ಬಾಗಿಲಿಗೆ ತಂದ. ವೈನಿ ಹೊಸ ಸೀರೆ ಉಟ್ಟಿದ್ದಳು. ಮುಖದಲ್ಲಿ ಪರೀಕ್ಷೆ ಚೆನ್ನಾಗಿ ಬರೆದ ಮಕ್ಕಳ ಕಳೆ. ಬಾಗಿಲು ತೆಗೆದಳು.

"ಅತ್ತಿ, ನೋಡ್ರಿ! ಎಷ್ಟ ಗಟ್ಟಿ ಬಂದಾವ!"

ಗಡಿಗೆಯ ಸುತ್ತ ನಾಲ್ಕು ಬೆರಳು ಎತ್ತರದ ದಟ್ಟ ಹಸಿರು. ಜೋಳದ ಬುಡ ನೇರಳೆಗೆ ತಿರುಗಿತ್ತು. ಮುಡಿಯಲು ಬರುವಂಥದ್ದು ಒಂದೂ ಇರಲಿಲ್ಲ.

"ಯವ್ವಾ ಯವ್ವಾ! ಘಟ್ಟ ಹಾಕೀರೋ, ಎಮ್ಮಿಗೆ ಮೇವು ಹಾಕೀರೋ?" ಎಂದಳು ಸೋದರತ್ತೆ. "ನಮ್ಮಣ್ಣ ಇದ್ದಾಗ ಈ ಮನ್ಯಾಗ ಮೊಳಕೈ ಉದ್ದ ಬರತಿತ್ತು. ದೇವಿ ಎದ್ದು ಹೋಗ್ಯಾಳ ಇಲ್ಲಿಂದ, ತಗೋ."

ವೈನಿಗೆ ಅರ್ಥವಾಗಲಿಲ್ಲ. ನಗು ಮುಖದಲ್ಲೇ ಉಳಿದಿತ್ತು, ಆರಿಸಲು ಮರೆತ ಲೈಟಿನ ಹಾಗೆ. ಅವ್ವ ಬಹಳ ಹೊತ್ತು ಸಸಿಯನ್ನು, ಅದರ ಮೇಲೆ ತೂಗುತ್ತಿದ್ದ ಪಟ್ಟಿಯನ್ನು ನೋಡಿದಳು.

"ಯಾರ ಹೇಳಿದ್ರು ನಿನಗ, ಇಲ್ಲಿ ಲೈಟ್ ಹಚ್ಚು ಅಂತ?"

ವೈನಿ ನನ್ನ ಕಡೆ ನೋಡಿದಳು. ದೂರಲಿಲ್ಲ, ಬೆರಳು ತೋರಿಸಲಿಲ್ಲ, ಸುಮ್ಮನೆ ನೋಡಿದಳು. ನಾನು ಹೇಳುತ್ತೇನೆ ಎಂದು ಕಾದಳು. ಎಲ್ಲರ ಕಣ್ಣೂ ಅವಳ ಕಣ್ಣಿನ ಹಿಂದೆ ನನ್ನ ಮೇಲೆ ಬಂದವು.

"ನಾ ಬ್ಯಾಡ ಅಂದಿದ್ದೆ. ಕೇಳಲಿಲ್ಲ" ಎಂದೆ ನಾನು.

"ಅಕ್ಕಾ" ಎಂದಳು ವೈನಿ. ಅಷ್ಟೇ. ಇನ್ನೊಂದು ಮಾತಾಡಿದ್ದರೆ ಜಗಳವಾಗುತ್ತಿತ್ತು, ಜಗಳವಾಗಿದ್ದರೆ ನಿಜ ಹೊರಬೀಳುತ್ತಿತ್ತು. ಅವಳು ಆಡಲಿಲ್ಲ. ಅವ್ವ ಸೊಸೆಯ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, "ಹಿರ್ಯಾರ ಪದ್ಧತಿ ಮುರದಾಕಿ ಮನಿ ಮುರೀತಾಳ. ಇದನ್ನ ತಿಪ್ಪಿಗೆ ಹಾಕ್ರಿ" ಎಂದಳು. ಆ ವರ್ಷ ನಮ್ಮ ಮನೆಯವರೆಲ್ಲ ಸಸಿ ಮುಡಿಯದೆಯೇ ಬನ್ನಿಗೆ ಹೋದರು.

ಸಂಜೆ ವೈನಿ ಹಿಂದಿನ ಕೋಣೆಯಲ್ಲಿ ಟ್ರೇಗಳಿಗೆ ನೀರು ಹಾಕುತ್ತಿದ್ದಳು. ಕಣ್ಣು ಬಾತಿದ್ದವು. ನಾನು ಹೋದದ್ದು ಕ್ಷಮೆ ಕೇಳಲಿಕ್ಕೋ, ಇನ್ನಷ್ಟು ಚುಚ್ಚಲಿಕ್ಕೋ, ನನಗೇ ಗೊತ್ತಿಲ್ಲ.

"ಯಾಕಕ್ಕಾ?" ಎಂದಳು.

"ಏನ್ ಯಾಕ?"

"ನಾ ನಿನಗ ಏನ್ ಮಾಡಿದ್ದೆ?"

"ನನ್ನ ಮಂಚ ಕೊಯ್ದಿ" ಎಂದೆ.

ಅವಳು ನನ್ನನ್ನು ನೋಡಿದಳು, ಫ್ರೇಮನ್ನು ನೋಡಿದಳು, ನವಿಲುಗಳನ್ನು ನೋಡಿದಳು. "ಕೇಳಿದ್ದೆನಲ್ಲಾ. ನೀನ ತಗೋ ಅಂದಿದ್ದಿ. ನಕ್ಕೋತ ಅಂದಿದ್ದಿ." ಅದಕ್ಕೆ ಉತ್ತರವನ್ನು ಬಿಎಸ್ಸಿಯಲ್ಲಿ ಕಲಿಸಿರಲಿಲ್ಲ.

ಅಲ್ಲಿಗೆ ನಿಂತಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಸೀಗಿ ಹುಣ್ಣಿಮೆಯ ಮುನ್ನಾ ದಿನ ಅಣ್ಣನ ಟೆಂಪೋ ಶಿಗ್ಗಾವಿಯ ಹತ್ತಿರ ಕೆಸರಿಗೆ ಜಾರಿ ಮಗುಚಿತು. ಅಣ್ಣನ ಹೆಗಲ ಎಲುಬು ಮುರಿಯಿತು. ಟೆಂಪೋದ ಟೈರು ನುಣ್ಣಗಾಗಿ ಮೂರು ತಿಂಗಳಾಗಿತ್ತು, ಬದಲಿಸು ಎಂದು ವೈನಿಯೇ ಎಷ್ಟೋ ಸಲ ಹೇಳಿದ್ದಳು. ಆದರೆ ಸೋದರತ್ತೆ ಆಸ್ಪತ್ರೆಗೆ ಬಂದವಳು ಟೈರಿನ ಸುದ್ದಿ ಎತ್ತಲಿಲ್ಲ. "ಘಟ್ಟ ಹಸರಾದಾಗ ನಾ ಹೇಳಿದ್ದಿಲ್ಲೇನು?" ಎಂದಳು. ಓಣಿಗೆ ಓಣಿಯೇ ಹೌದೆಂದಿತು.

ವೈನಿಯನ್ನು ದೀಪಾವಳಿಗೆಂದು ಹಾನಗಲ್ಲಿಗೆ ಕಳಿಸಿದರು. ಕರೆಯಲು ಯಾರೂ ಹೋಗಲಿಲ್ಲ. ಅವಳ ಅಪ್ಪ ಎರಡು ಸಲ ಬಂದು ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಹೋದ. ಎರಡನೆಯ ಸಲ ಚಹಾ ಕೊಟ್ಟವಳು ನಾನು. ಕಪ್ಪು ತೆಗೆದುಕೊಳ್ಳುವಾಗ ಮುದುಕ, "ನಿಮ್ಮನ್ನ ಬಾಳ ನೆನಸತಾಳವಾ ನಮ್ಮ ಹುಡುಗಿ" ಎಂದ. ಲೈಟು ಹಚ್ಚಲು ಹೇಳಿದ್ದು ನಾನೆಂದು ಅವಳು ತವರಿನಲ್ಲೂ ಹೇಳಿರಲಿಲ್ಲ. ಬೇಸಿಗೆಯ ಹೊತ್ತಿಗೆ ಹಿರಿಯರು ಕೂತು ಸಂಬಂಧ ಬಿಡಿಸಿದರು, ಆಮೇಲೆ ಕೋರ್ಟಿನ ಕಾಗದವೂ ಆಯಿತು. ಅಣ್ಣ ತೋರಿಸಿದಲ್ಲಿ ಸಹಿ ಹಾಕಿದ. ಅವನು ಹುಟ್ಟಿದಾಗಿನಿಂದ ಎದುರು ಮಾತಾಡಿದವನಲ್ಲ. ಸೋದರತ್ತೆಯ ಮಗಳನ್ನು ಮಾಡಿಕೊಂಡು ಈಗ ಆಡೂರಿನಲ್ಲೇ ಇದ್ದಾನೆ.

ಫ್ರೇಮು ನನ್ನ ಪಾಲಿಗೆ ಉಳಿಯಿತು. ಅದನ್ನು ನೋಡಿ ಇನ್ನೂ ಮೂರು ಮಾಡಿಸಿದೆ. ಎಂಟು ವರ್ಷದಲ್ಲಿ ಸುತ್ತಲ ಊರುಗಳಲ್ಲಿ ನನಗೆ ಲೈಟಿನ ನೀಲಕ್ಕ ಎಂದು ಹೆಸರಾಯಿತು. ಇದನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳಲು ಬಂದವರಿಗೆ ಕೆಂಪು, ನೀಲಿ ಬೆಳಕಿನ ಪಾಠ ಮಾಡುತ್ತೇನೆ. ಎತ್ತರ ಎಷ್ಟು ಎಂದರೆ ಕೆಂಪು ದಾರದ ಕಡ್ಡಿ ತೋರಿಸುತ್ತೇನೆ.

ಹಾನಗಲ್ಲಿನ ಅಂಗಡಿಯಲ್ಲಿ ಗಿರಿಜಾ ವೈನಿ, ಈಗ ಯಾರ ವೈನಿಯೂ ಅಲ್ಲದವಳು, ಸುಟ್ಟ ಡಬ್ಬಿಯನ್ನು ತಿರುಗಿಸಿ ನೋಡಿ, ಒಳಗಿನಿಂದ ಹೊಸದು ತಂದು, ಬಲ್ಬು ಹಚ್ಚಿ ತೋರಿಸಿದಳು.

"ಸಸಿ ಲೈಟಿಗೇನ್ರಿ?"

"ಹೌದು."

"ಎತ್ತರ ಎಷ್ಟ ಇಟ್ಟೀರಿ?"

"ಒಂದು ಗೇಣು."

ಅವಳು ಡಬ್ಬಿಗೆ ಕಾಗದ ಸುತ್ತುತ್ತಿದ್ದಳು. ಕೈ ನಿಲ್ಲಲಿಲ್ಲ. "ಯಾರ ಗೇಣು?" ಎಂದಳು.

ನಾನು ಪರ್ಸು ತೆಗೆದು ದುಡ್ಡು ಎಣಿಸಿದೆ. ಮಾತು ಬಹಳ ಎಂದು ಮದುವೆ ಮುರಿಸಿಕೊಂಡವಳು ನಾನು. ಅವಳು ಉತ್ತರಕ್ಕೆ ಕಾಯಲೂ ಇಲ್ಲ. "ಒಂದ ವರ್ಷ ಗ್ಯಾರಂಟಿ ಐತ್ರಿ, ಬಿಲ್ ಇಟಗೋರಿ" ಎಂದು ಮತ್ತೆ ಪಂಪಿನ ಹೊಟ್ಟೆಗೆ ಕೈ ಹಾಕಿದಳು.

ಮನೆಗೆ ಬಂದು ಡ್ರೈವರ್ ಕೂಡಿಸಿ ಸ್ವಿಚ್ಚು ಒತ್ತಿದೆ. ಕೋಣೆ ಗುಲಾಬಿಯಾಯಿತು. ಮಳೆಗಾಲದಲ್ಲಿ ಅವ್ವ ಫ್ರೇಮಿನ ಪಕ್ಕದಲ್ಲೇ ಕೌದಿ ಹೊದ್ದು ಕೂರುತ್ತಾಳೆ, ಅಲ್ಲಿ ಸ್ವಲ್ಪ ಬೆಚ್ಚಗಿರುತ್ತದೆ. ಎಪ್ಪತ್ತು ದಾಟಿದ್ದಾಳೆ. ಕಣ್ಣು ಮಂದ, ತಲೆ ಚುರುಕು.

"ಅವ್ವಾ, ಹಾನಗಲ್ಲದಾಗ ಗಿರಿಜಾ ಸಿಕ್ಕಿದ್ಲು."

"ಹ್ಞೂಂ."

"ಅವತ್ತ ಘಟ್ಟಕ್ಕ ಲೈಟ್ ಹಚ್ಚು ಅಂತ ಹೇಳಿದಾಕಿ ನಾನ ಅವ್ವಾ. ಬ್ಯಾಡ ಅಂದಿರಲಿಲ್ಲ. ಹಚ್ಚು ಅಂದಿದ್ದೆ." ಎಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಹೀಗೆ ಎರಡೇ ಉಸಿರಿಗೆ ಮುಗಿಯಿತು. ಅವ್ವ ಎದೆ ಬಡಿದುಕೊಳ್ಳುತ್ತಾಳೆ, ಬಯ್ಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ಕಾದೆ.

"ಗೊತ್ತೈತಿ" ಎಂದಳು ಅವ್ವ.

"ಯಾವಾಗಿಂದ?"

"ಅವತ್ತ. ಆಕಿ ನಿನ್ನ ಮಾರಿ ನೋಡಿದ್ಲಲ್ಲ, ಅವಾಗ."

"ಮತ್ತ, ಸಸಿ ಹಸರಾತು, ಮನಿ ಮುರೀತು ಅಂತ..."

"ಏ ಹುಚ್ಚಿ. ಐವತ್ತ ವರ್ಷ ಒಕ್ಕಲತನ ಮಾಡಿದಾಕಿ ನಾನು. ಕತ್ತಲ್ಯಾಗ ಹಳದಿ, ಬೆಳಕಿನ್ಯಾಗ ಹಸರ ಅನ್ನೂದು ತಿಳಿಯಾಕ ನಿನ್ನ ಬಿಎಸ್ಸಿ ಬೇಕೇನು?"

ನಾನು ಅಲ್ಲೇ ನೆಲದ ಮೇಲೆ ಕೂತೆ. "ಮತ್ತ ಯಾಕ ಕಳಿಸಿದಿ ಆಕಿನ್ನ?"

"ನೀ ಎಲ್ಲಾರ ಮುಂದ ಬ್ಯಾಡ ಅಂದಿದ್ದೆ ಅಂದಿ. ನಿನ್ನ ಲಗ್ನ ಒಮ್ಮೆ ಮುರದಿತ್ತು. ಮ್ಯಾಲ ಸುಳ್ಳಿ ಅಂತ ಹೆಸರ ಬಂದಿದ್ರ ಯಾರ ಮಾಡಿಕೋತಿದ್ರು ನಿನ್ನ? ಮಗಳನ್ನ ಸುಳ್ಳಿ ಮಾಡಲೋ, ಸೊಸಿನ್ನ ಬಿಡಲೋ? ನೀನ ಹೇಳು."

"ಯಾರ ಮಾಡಿಕೊಂಡ್ರವ್ವಾ ನನ್ನ?"

ಅವ್ವ ಕೌದಿ ಎಳೆದುಕೊಂಡಳು. ಜೋಳದ ರಾಶಿಯ ಮಾತಾಡುವವರ ಹಾಗೆ, "'ನಾನ ಹೇಳಿದ್ದೆ ಅವ್ವಾ' ಅಂತ ನೀ ಒಂದ ಮಾತು ಅಂದಿದ್ರ ಆಗತಿತ್ತು. ನಾ ನಕ್ಕ ಬಿಡತಿದ್ದೆ. ಎಮ್ಮಿಗೆ ಹಾಕ್ರಿ, ಮುಂದಿನ ವರ್ಷ ನೋಡೂಣು ಅಂತಿದ್ದೆ. ನೀ ಅನ್ನಲಿಲ್ಲ" ಎಂದಳು.

ಹೊರಗೆ ಮಳೆ ಜೋರಾಯಿತು. ಅವ್ವ ಮಂದ ಕಣ್ಣು ಕಿರಿದು ಮಾಡಿ ಮೇಲಿನ ಅಂತಸ್ತನ್ನು ನೋಡಿದಳು, ತೂಗುವ ಪಟ್ಟಿಯನ್ನು, ಅದರ ಕೆಳಗಿನ ಸಸಿಯನ್ನು.

"ಲೈಟು ಮ್ಯಾಲ ಆಗೇತಿ. ಹಿಂಗಾದ್ರ ಮತ್ತ ಶಾವಿಗಿ ಆಕ್ಕಾವು. ಆಕಿ ಕಡ್ಡಿ ತಂದು ಅಳಿ."

ನಾನು ಎದ್ದು ಕಡ್ಡಿ ತಂದೆ.